ಎಂಜಿನ್ ಬಿಚ್ಚಿದ ಗಾಡಿ

ಮಾರ್ಚ್ ೩, ಸೋಮವಾರ

ಪ್ರೀತಿಯ ಪುಟ್ಟಿ,

ಬೈದುಕೋ, ಬೈಸಿಕೊಳ್ಳುವ ಹಾಗೇ ಮಾಡಿದ್ದೇನೆ. ನಿನ್ನ ಎರಡು ಪತ್ರಗಳೂ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಜೊತೆ ಬಿದ್ದುಕೊಂಡಿವೆ. ಶಾಲೆಯ ಯೂನಿಫಾರಂ ಹೊಲಿದು ಮುಗಿಸಬೇಕಿತ್ತು ಎಂದು ನೆಪ ಹೇಳಬಹುದು, ಆದರೆ ನಿನ್ನ ಹತ್ತಿರ ನೆಪ ಯಾಕೆ. ಬರೆಯಲು ಕೂತರೆ ಅಳು ಬರುತ್ತದೆ, ಅಳು ಬಂದರೆ ಪಕ್ಕದಲ್ಲಿರುವ ಬಿಳಿ ಬಟ್ಟೆಯ ಮೇಲೆ ಬೀಳುತ್ತದೆ. ಫೋನ್ ಮಾಡೋಣವೆಂದರೆ ನಿನಗೆ ಕಿವಿ ಮಂದ. ನಾನು ಕಿರುಚಿದ್ದು ನಿನಗೊಬ್ಬಳಿಗೆ ಬಿಟ್ಟು ಇಡೀ ಬೀದಿಗೆ ಕೇಳಿಸುತ್ತದೆ. ನಿನ್ನ ಕಾಲಿನ ಪ್ಲಾಸ್ಟರ್ ತೆಗೆದರೇ? ತೆಗೆದರೂ ಮೆಟ್ಟಿಲು ಹತ್ತಬೇಡ. ನಿನಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ.

ನಿನ್ನ ಭಾವನಿಗೆ ಸುಸ್ತು, ಸುಸ್ತು ಎಂದು ಬರೆದಿದ್ದೆನಲ್ಲ, ಅದು ಸುಸ್ತಲ್ಲವಂತೆ. ಎದೆಯೊಳಗಿನ ಒಂದು ಕವಾಟ ಕಿರಿದಾಗಿದೆ. ಡಾಕ್ಟರಮ್ಮ ಒಂದು ಚೀಟಿಯ ಹಿಂದೆ ಬಾಗಿಲಿನ ಚಿತ್ರ ಬರೆದು ತೋರಿಸಿದಳು. ಬಾಗಿಲು ಮುಕ್ಕಾಲು ಮುಚ್ಚಿಕೊಂಡಿದೆ, ರಕ್ತ ಸಂದಿಯಲ್ಲಿ ತೂರಿಕೊಂಡು ಹೋಗುತ್ತಿದೆ, ಅದಕ್ಕೇ ಸೋಪಿನ ಬಕೆಟ್ ಎತ್ತಿದರೂ ಇವರಿಗೆ ಏದುಸಿರು. ಎದೆ ತೆರೆದು ಹೊಸ ಕವಾಟ ಕೂರಿಸಬೇಕು. ಸರಿಹೋದರೆ ಬಹಳ ವರ್ಷ ಬಾಳಬಹುದು. ಆದರೆ ಈ ವಯಸ್ಸಿನಲ್ಲಿ ಆಪರೇಷನ್ ಟೇಬಲ್ಲೇ ಒಂದು ಗಂಡಾಂತರ. ಮಾಡಿಸದಿದ್ದರೆ ಹೇಗೆ ಎಂದು ಕೇಳಿದೆ. "ಹೇಳೋಕಾಗಲ್ಲಮ್ಮ. ಒಂದು ವರ್ಷ ಇರಬಹುದು, ಮೂರು ವರ್ಷನೂ ಇರಬಹುದು. ಮೆಲ್ಲಗೆ ಓಡಾಡ್ಕೊಂಡು, ಔಷಧಿ ತಗೊಂಡು," ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಇವರು ಶರ್ಟಿನ ಗುಂಡಿ ಹಾಕಿಕೊಂಡು ಎದ್ದರು. "ಡಾಕ್ಟ್ರೇ, ನಾನು ಜೀವನವೆಲ್ಲ ಬಸ್ ಓಡಿಸಿದೋನು. ಒಂದ್ಸಲ ಎಂಜಿನ್ ಬಿಚ್ಚಿದ ಗಾಡಿ ಮತ್ತೆ ಮೊದಲಿನ ಗಾಡಿ ಆಗಲ್ಲ. ಬಿಚ್ಚದೇ ಎಷ್ಟು ದೂರ ಓಡುತ್ತೋ ಓಡ್ಲಿ ಬಿಡಿ."

ಡಾಕ್ಟರಮ್ಮ ತಮಾಷೆ ಎಂದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಡಿಪೋದಲ್ಲಿ ಡ್ರೈವರುಗಳೆಲ್ಲ ಈ ಮಾತನ್ನು ದೇವರ ವಾಕ್ಯದ ಹಾಗೆ ನಂಬುತ್ತಾರೆ. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಬಂದರೆ ಇವರು ಬಾನೆಟ್ಟಿಗೆ ಅಡ್ಡ ನಿಂತುಕೊಳ್ಳುತ್ತಿದ್ದರಂತೆ. ಮನೆಗೆ ಬಂದ ಮೇಲೆ ಅತ್ತು ಕರೆದು ಕಾಡಿದೆ, ಊಟ ಬಿಟ್ಟೆ. ಉಪವಾಸ ಬಿದ್ದವಳು ನಾನು, ಇವರು ನನ್ನ ಪಾಲನ್ನೂ ಮುಗಿಸಿ ತಟ್ಟೆ ತೊಳೆದಿಟ್ಟರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಇನ್ನು ಮುಂದಿನದನ್ನು ಕೇಳಿದರೆ ನೀನು ತಲೆ ಚಚ್ಚಿಕೊಳ್ಳುತ್ತೀ. ಭಾನುವಾರ ಬಂತೆಂದರೆ ಮೂಲೆಯ ಸಲೂನಿನಲ್ಲಿ ಕಾರ್ ರೇಸ್ ನೋಡುವ ಹುಚ್ಚರ ಸಂತೆ ಸೇರುತ್ತದೆ, ಗೊತ್ತಲ್ಲ. ಕ್ಷೌರದವರು, ಎದುರಿನ ಗಡಿಯಾರ ರಿಪೇರಿಯವರು, ನಮ್ಮ ಇವರು. ಜಗತ್ತೆಲ್ಲ ಗೆಲ್ಲುವವರ ಹಿಂದೆ ಹೋದರೆ ಇವರು ಹಿಡಿದಿರುವುದು ಗುಬ್ಬಿ ತಂಡವನ್ನು. ಗಾಡಿಯ ಮೂತಿಯ ಮೇಲೆ ಪುಟ್ಟ ಹಕ್ಕಿಯ ಚಿತ್ರವಿದೆ, ಅದಕ್ಕೆ ಆ ಹೆಸರು. ಸಣ್ಣ ತಂಡ, ಸದಾ ಬಾಲದಲ್ಲೇ. ಆದರೂ ಹುಟ್ಟಿದಾಗಿನಿಂದ ತನ್ನ ಎಂಜಿನ್ ತಾನೇ ಮಾಡಿಕೊಂಡು ಓಡುತ್ತಿತ್ತು. "ಸೋತ್ರೂ ಸ್ವಂತ ಎಂಜಿನ್‌ನಲ್ಲಿ ಸೋಲ್ತೀವಿ," ಎನ್ನುವುದು ಇವರ ಹೆಮ್ಮೆ. ಈ ವರ್ಷ ಆ ತಂಡದವರು ತಮ್ಮ ಎಂಜಿನ್ ಕಿತ್ತೆಸೆದು ಒಂದು ದೊಡ್ಡ ಕಂಪನಿಯ ಎಂಜಿನ್ ತಂದು ಕೂರಿಸಿಕೊಂಡಿದ್ದಾರೆ. ಆಗಿನಿಂದ ಸಲೂನಿನಲ್ಲಿ ದಿನಾ ಯುದ್ಧ.

ನಿನ್ನೆ ಕ್ಷೌರದವರು ಇವರ ಮುಖಕ್ಕೆ ಸೋಪು ಹಚ್ಚಿದ್ದರಂತೆ. ಗಡಿಯಾರದವರು, "ಹೊಸ ಎಂಜಿನ್ ಬಂತಲ್ಲ, ಇನ್ನು ನೋಡ್ತಾ ಇರು, ಈ ತಿಂಗಳಲ್ಲೇ ಮೊದಲ ಹತ್ತರೊಳಗೆ ಬರ್ತೀವಿ," ಎಂದರಂತೆ. ಇವರು, "ಎದೆ ಬಗೆದು ಬೇರೆಯೋರ ಗುಂಡಿಗೆ ಇಟ್ರೆ ಗುಬ್ಬಿ ಹದ್ದಾಗುತ್ತೇನೋ?" ಎಂದರಂತೆ. ನನ್ನ ಸಂಕಟ ಬಲ್ಲ ಗಡಿಯಾರದವರು ಅಲ್ಲೇ ಗಾಳ ಹಾಕಿದರು. "ಬಂದ್ರೆ ನೀನೂ ಆಪರೇಷನ್ ಮಾಡಿಸ್ಕೋತೀಯಾ?"

"ಮಾಡಿಸ್ಕೋತೀನಿ. ಈ ತಿಂಗಳು ಮೂರು ರೇಸಿದೆ. ಮೂರರಲ್ಲಿ ಒಂದರಲ್ಲಾದ್ರೂ ಹತ್ತರೊಳಗೆ ಬರ್ಲಿ, ನಾನೇ ಹೋಗಿ ಮಲಗ್ತೀನಿ. ಬರ್ಲಿಲ್ಲ ಅಂದ್ರೆ ಯಾರೂ ಇನ್ನು ಸೊಲ್ಲೆತ್ತಬಾರದು. ಅವಳಿಗೂ ಹೇಳ್ಬಿಡು."

ಅವಳು ಎಂದರೆ ನಾನು. ನನ್ನ ಗಂಡನ ಆಯುಷ್ಯ ಈಗ ಒಂದು ಗಾಡಿಯ ಹೊಟ್ಟೆಯಲ್ಲಿ ಕೂತಿದೆ ಪುಟ್ಟಿ. ಇವರು ಬಾಯಲ್ಲಿ ಆಡಿದ ಮಾತು ಎಂದೂ ಹಿಂದೆ ತೆಗೆದುಕೊಂಡವರಲ್ಲ. ಆ ಗಾಡಿಗೆ ಒಳ್ಳೆಯದಾಗಲಿ ಎಂದು ಕೋರಿಕೋ. ನಗಬೇಡ, ನಿಜವಾಗಿಯೂ ಕೋರಿಕೋ.

ನೀನು ಚೆನ್ನಾಗಿರು, ನಿನ್ನ ಮಕ್ಕಳು ಚೆನ್ನಾಗಿರಲಿ.

ನಿನ್ನ
ಅಕ್ಕ


ಮಾರ್ಚ್ ೨೪, ಸೋಮವಾರ

ಪುಟ್ಟಿ,

ನಿನ್ನ ಕಾಗದ ತಲುಪಿತು. "ಕಾರಿಗೂ ಕಾಯಿಲೆಗೂ ಏನು ಸಂಬಂಧ, ಭಾವನಿಗೆ ಎರಡು ಬಿಗಿ" ಎಂದು ಬರೆದಿದ್ದೀ. ಬಿಗಿಯಬಹುದಿತ್ತು, ಎದೆ ಗಟ್ಟಿಯಿದ್ದಿದ್ದರೆ. ಉತ್ತರ ತಡವಾಯಿತು, ಯಾಕೆಂದರೆ ಏನಾಗುತ್ತದೆಂದು ಗೊತ್ತಾಗದೆ ಏನು ಬರೆಯಲಿ. ಈಗ ಗೊತ್ತಾಗಿದೆ. ಗೊತ್ತಾದದ್ದು ಒಂದು, ಬರೆಯಬೇಕಾದದ್ದು ಇನ್ನೊಂದು. ಕ್ರಮವಾಗಿ ಹೇಳುತ್ತೇನೆ.

ರೇಸ್ ಎಂದರೆ ಮೂಗು ಮುರಿಯುತ್ತಿದ್ದ ನಾನು ಈ ತಿಂಗಳು ಮೂರು ಭಾನುವಾರವೂ ಆ ಸಲೂನಿನಲ್ಲಿ ಗಂಡಸರ ನಡುವೆ ಕೂತೆ. ಶಟರ್ ಅರ್ಧ ಎಳೆದಿರುತ್ತದೆ, ಬಗ್ಗಿ ಒಳಗೆ ಹೋಗಬೇಕು. ಒಳಗೆ ಸೋಪಿನ ವಾಸನೆ, ಕನ್ನಡಿಗಳಲ್ಲೆಲ್ಲ ಟಿವಿ. ಕಾಲರಿಗೆ ಗುಂಡಿಯ ಕಾಜಾ ಹಾಕುವ ಕೆಲಸ ತೆಗೆದುಕೊಂಡು ಹೋಗುತ್ತಿದ್ದೆ, ಕೈ ಸುಮ್ಮನಿದ್ದರೆ ಜೀವ ಹೋಗುತ್ತದೆ. ಆ ಹೊಸ ಎಂಜಿನ್ ಚೆನ್ನಾಗಿದೆಯೇ ಎಂದು ನಾನು ಕೇಳಿದ ಒಂದು ಪ್ರಶ್ನೆಗೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು.

"ಚೆನ್ನಾಗಿರೋದೇನು ಅತ್ತಿಗೆ, ಬೆಂಕಿ! ಹಳೇದಕ್ಕೂ ಇದಕ್ಕೂ ಕತ್ತೆಗೂ ಕುದುರೆಗೂ ಇರೋ ವ್ಯತ್ಯಾಸ," ಎಂದರು ಗಡಿಯಾರದವರು.

"ಕುದುರೆ ಸರಿ, ಯಾರ ಲಾಯದ್ದು?" ಎಂದರು ಕ್ಷೌರದವರು, ಕತ್ತರಿ ಒರೆಸುತ್ತಾ. "ದೊಡ್ಡೋರು ತಮ್ಮ ಮನೆ ಮಕ್ಕಳಿಗೆ ಕೆನೆ ಹಾಕ್ತಾರೆ, ಪಕ್ಕದ ಮನೆಯೋರಿಗೆ ನೀರು ಹಾಲು ಕೊಡ್ತಾರೆ. ಅಲ್ಲಕ್ಕಾ, ಅವ್ರು ಒಳ್ಳೇದನ್ನೇ ಕೊಟ್ರು ಅಂತಿಟ್ಕೊಳ್ಳಿ. ಆ ಎಂಜಿನ್ನಿನ ಕಾವು ತಡೆಯೋ ಮೈ ಬೇಡ್ವಾ? ಗುಬ್ಬೀದು ಹಳೇ ಮೈ."

"ಮೈ ಹೊಂದ್ಕೊಳ್ಳುತ್ತೆ. ನಾಲ್ಕು ರೇಸ್ ಬಿಡು."

"ನಾಲ್ಕು ಎಲ್ಲಯ್ಯ ಇದೆ? ನಮ್ಮ ಡ್ರೈವರ್ ಸಾಹೇಬ್ರು ಕೊಟ್ಟಿರೋದು ಮೂರೇ."

ಅಷ್ಟು ಹೇಳಿ ಕ್ಷೌರದವರು ನಾಲಿಗೆ ಕಚ್ಚಿಕೊಂಡರು. ಇವರು ಮಾತ್ರ ತಿರುಗುವ ಕುರ್ಚಿಯಲ್ಲಿ ಕಾಲು ಚಾಚಿ, ಬೇರೆ ಯಾರದೋ ವಿಷಯವೆಂಬಂತೆ ನಗುತ್ತಿದ್ದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಪ್ರಾಣ ಹೋಗಬೇಕಾದವರೇ ಆಟ ನೋಡುತ್ತಿದ್ದರು, ಸಂಕಟವೆಲ್ಲ ನನ್ನದು.

ಮೊದಲ ರೇಸಿನಲ್ಲಿ ಅರ್ಧ ದಾರಿಯಲ್ಲೇ ಗಾಡಿಯ ಬೆನ್ನಿನಿಂದ ಹೊಗೆ ಬಂತು. ಚಾಲಕ ಇಳಿದು, ಹೆಲ್ಮೆಟ್ ತೆಗೆಯದೆ ಬೇಲಿಯ ಪಕ್ಕ ಕೂತುಬಿಟ್ಟ. ಎರಡನೆಯದರಲ್ಲಿ ಪೂರ್ತಿ ಓಡಿತು, ಆದರೆ ಹದಿನಾಲ್ಕನೆಯದು. ಆ ದಿನ ಮನೆಗೆ ನಡೆದು ಬರುವಾಗ ಇವರು ದೀಪದ ಕಂಬ ಹಿಡಿದುಕೊಂಡು ನಿಂತರು. ಏನ್ರೀ ಎಂದೆ. "ಏನಿಲ್ಲ, ಚಪ್ಪಲಿ," ಎಂದರು. ಚಪ್ಪಲಿ ನೆಟ್ಟಗೇ ಇತ್ತು.

ನಿನ್ನೆ ಮೂರನೆಯದು. ಮುಂದಿದ್ದ ಎರಡು ಗಾಡಿಗಳು ಒಂದಕ್ಕೊಂದು ತಗುಲಿ ಹೊರಗೆ ಹೋದವು, ನಮ್ಮದು ಸಂದಿಯಲ್ಲಿ ನುಸುಳಿತು. ನೋಡು, ನಾನೂ ನಮ್ಮದು ಎಂದು ಬರೆಯುತ್ತಿದ್ದೇನೆ. ಹನ್ನೆರಡು, ಹನ್ನೊಂದು, ಆಮೇಲೆ ಹತ್ತು. ಗಡಿಯಾರದವರು ಕೂತ ಸ್ಟೂಲ್ ಬಿಟ್ಟು ನೆಲದ ಮೇಲೆ ಮಂಡಿಯೂರಿದ್ದರು. ಕೊನೆಯ ಸುತ್ತಿನಲ್ಲಿ ಇನ್ನೊಬ್ಬನನ್ನೂ ಹಿಂದೆ ಹಾಕಿ ಒಂಬತ್ತನೆಯದಾಗಿ ಗೆರೆ ದಾಟಿತು. ಸೂಜಿ ನನ್ನ ಬೆರಳಿಗೆ ಚುಚ್ಚಿ ಕಾಲರಿಗೆ ರಕ್ತವಾಗಿದೆ, ನನಗೆ ಗೊತ್ತೇ ಆಗಲಿಲ್ಲ. ಕ್ಷೌರದವರು ಪೌಡರಿನ ಡಬ್ಬಿ ತೆಗೆದು ಎಲ್ಲರ ತಲೆಯ ಮೇಲೂ ಸುರಿದರು.

ಇವರು ತಲೆಯ ಮೇಲಿನ ಪೌಡರ್ ಕೊಡವಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಸರಿ ಕಣೇ. ಮಾತು ಅಂದ್ರೆ ಮಾತು. ನಾಳೆ ಫೋನ್ ಮಾಡು ಆಸ್ಪತ್ರೆಗೆ," ಎಂದರು. ಪುಟ್ಟಿ, ಮದುವೆಯಾದ ದಿನ ಕೂಡ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಇದನ್ನು ಇವರಿಗೆ ಹೇಳಬೇಡ.

ಇವತ್ತು ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡಿದೆ, ಆಸ್ಪತ್ರೆಯವರು ನಾಳೆಯೇ ಬಂದು ಸೇರಿ, ಬುಧವಾರ ಆಪರೇಷನ್ ಎಂದರು. ಹಾಲು ತರಲು ಹೊರಟೆ. ಸಲೂನಿನ ಮುಂದೆ ಕ್ಷೌರದವರು, ಗಡಿಯಾರದವರು ಇಬ್ಬರೂ ಸಾವಿನ ಮನೆಯ ಮುಂದೆ ನಿಂತವರ ಹಾಗೆ ನಿಂತಿದ್ದರು. ಕೈಯಲ್ಲಿ ಪೇಪರ್. ರೇಸ್ ಮುಗಿದ ಮೇಲೆ ಗಾಡಿಗಳನ್ನು ತೂಗುತ್ತಾರಂತೆ. ಹೊಸ ಎಂಜಿನ್ ಭಾರವೆಂದು ಗುಬ್ಬಿ ತಂಡದವರು ಉಳಿದ ಮೈಯನ್ನೆಲ್ಲ ಹೆರೆದು ಹೆರೆದು ಹಗುರ ಮಾಡಿದ್ದರು, ಹೆರೆದದ್ದು ಅತಿಯಾಯಿತು. ನಿಯಮಕ್ಕಿಂತ ತೂಕ ಕಡಿಮೆ ಬಂದು ನಿನ್ನೆ ಸಂಜೆಯೇ ಹೆಸರು ಹೊಡೆದು ಹಾಕಿದ್ದಾರೆ. ಒಂಬತ್ತನೆಯದೂ ಇಲ್ಲ, ಕೊನೆಯದೂ ಇಲ್ಲ. ಓಡಲೇ ಇಲ್ಲ ಎಂಬ ಲೆಕ್ಕ.

"ಅತ್ತಿಗೆ, ಅವನಿಗೆ ಹೇಳೋದಾ ಬೇಡ್ವಾ?" ಎಂದರು ಗಡಿಯಾರದವರು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಹೇಳಿದರೆ ನಿಮ್ಮಿಬ್ಬರ ಮುಖ ಜನ್ಮದಲ್ಲಿ ನೋಡುವುದಿಲ್ಲ ಎಂದೆ. ಮನೆಗೆ ಓಡಿಬಂದರೆ ನಮ್ಮ ಪೇಪರ್ ಆಗಲೇ ಮೇಜಿನ ಮೇಲೆ ಬಿದ್ದಿದೆ, ಇವರು ಸ್ನಾನಕ್ಕೆ ಹೋಗಿದ್ದಾರೆ. ಇವರು ಹೊರಗೆ ಬರುವ ಹೊತ್ತಿಗೆ ಆಟದ ಪುಟ ತೆಗೆದು, ಚಾಕ್ ಹಿಡಿದು, ತೋಳಿನ ಅಚ್ಚು ಬರೆದು, ಕತ್ತರಿ ಹಾಕುತ್ತಾ ಕೂತಿದ್ದೆ. "ಇವತ್ತಿನ ಪೇಪರೇ ಬೇಕಿತ್ತೇನೇ?" ಎಂದರು. ಹಳೆಯದೆಲ್ಲ ಮುಗಿದಿತ್ತು ಎಂದೆ. ಮಿಷನ್ನಿನ ಕೆಳಗೆ ಹಳೆಯ ಪೇಪರ್ ಮೊಣಕಾಲೆತ್ತರ ಇದೆ. ಇವರು ನೋಡಲಿಲ್ಲ, ಪುಣ್ಯ. ಟಿವಿಯ ವೈರನ್ನೂ ಹಿಂದಿನಿಂದ ಸಡಿಲ ಮಾಡಿ ಕೆಟ್ಟುಹೋಗಿದೆ ಎಂದಿದ್ದೇನೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಒಂದೇ ಬೆಳಿಗ್ಗೆ ಇಷ್ಟು ಹೇಳಿದೆ. ಹೇಳುವಾಗ ನಾಲಿಗೆ ತಡವರಿಸಲಿಲ್ಲ, ಕತ್ತರಿ ಮಾತ್ರ ಗೆರೆ ಬಿಟ್ಟು ಓಡುತ್ತಿತ್ತು.

ಬುಧವಾರ ಮುಗಿಯಲಿ. ಇವರು ಕಣ್ಣು ಬಿಟ್ಟ ಮೇಲೆ ಎಲ್ಲವನ್ನೂ ಹೇಳಿ, ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೂ ಸರಿ. ಮಾತು ಬಿಡಲು ಮನುಷ್ಯ ಇರಬೇಕಲ್ಲ, ಅದು ಸಾಕು ನನಗೆ.

ನಿನಗೆ ಒಳ್ಳೆಯದಾಗಲಿ. ಬುಧವಾರ ಬೆಳಿಗ್ಗೆ ನಮ್ಮನ್ನು ನೆನೆಸಿಕೋ.

ನಿನ್ನ
ಅಕ್ಕ


ಏಪ್ರಿಲ್ ೨೭, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಮಗ ಬಂದು ಜೊತೆಗಿದ್ದು ಎಲ್ಲವನ್ನೂ ಮುಗಿಸಿಕೊಟ್ಟು ಹೋದ. ಅವನ ಹೊಟ್ಟೆ ತಣ್ಣಗಿರಲಿ. ಆಮೇಲೆ ನಿನ್ನಿಂದ ಕಾಗದದ ಮೇಲೆ ಕಾಗದ. ಒಂದಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ನಾಲ್ಕು ಸಲ ಪೆನ್ನು ಹಿಡಿದೆ, "ಇವರು" ಎಂದು ಬರೆದ ತಕ್ಷಣ ಮುಂದೆ ಏನು ಬರೆಯಬೇಕೆಂದು ತೋಚಲಿಲ್ಲ. ಇವರು ಎಂದರೆ ಹತ್ತಿರ ಇರುವವರು. ಈಗ ಅವರು ಎನ್ನಬೇಕೇನೋ. ಬಾಯಿ ಬರುತ್ತಿಲ್ಲ, ಹಾಗೇ ಬರೆಯುತ್ತೇನೆ.

ಆ ದಿನದ್ದನ್ನು ನೀನು ಕೇಳಿದ್ದೀ, ನಿನ್ನ ಮಗನಿಗೆ ಸರಿಯಾಗಿ ಹೇಳಲು ಬರಲಿಲ್ಲವಂತೆ. ಹೇಳಲು ಹೆಚ್ಚೇನೂ ಇಲ್ಲ. ಬೆಳಿಗ್ಗೆ ನರ್ಸ್ ಹಸಿರು ಗೌನ್ ಹಾಕಿಸಿದಳು. ಬೆನ್ನಿನ ದಾರಗಳನ್ನು ಯಾರೋ ಕಣ್ಣು ಮುಚ್ಚಿಕೊಂಡು ಹೊಲಿದಿದ್ದರು, ಒಂದು ಕಿತ್ತೇ ಹೋಗಿತ್ತು. ನಾನು ಪರ್ಸಿನಿಂದ ಸೂಜಿ ತೆಗೆದು ಇವರ ಬೆನ್ನ ಮೇಲೇ ಎರಡು ಹೊಲಿಗೆ ಹಾಕಿದೆ. "ಅಲ್ಲಿ ಬಿಚ್ಚೋಕೆ ಕರ್ಕೊಂಡು ಹೋಗ್ತಿದಾರೆ, ನೀನು ಇಲ್ಲಿ ಹೊಲೀತಿದೀಯ," ಎಂದು ನಕ್ಕರು. ಗಾಡಿ ಬಂತು, ಅದೇ ಚಕ್ರದ ಮಂಚ. ಉದ್ದನೆಯ ಕಾರಿಡಾರ್, ಕೊನೆಯಲ್ಲಿ ಜೋಡಿ ಕದದ ಬಾಗಿಲು. ಬಾಗಿಲ ಹತ್ತಿರ ಇವರು ತಳ್ಳುವವನಿಗೆ ಒಂದು ನಿಮಿಷ ನಿಲ್ಲಪ್ಪ ಎಂದರು. ನನ್ನ ಕೈ ಹಿಡಿದು, "ಒಂಬತ್ತನೇದು ಅಲ್ವಾ?" ಎಂದರು.

"ಹೂಂ ರೀ, ಒಂಬತ್ತನೇದೇ," ಎಂದೆ.

"ಹಾಗಾದ್ರೆ ಸರಿ," ಎಂದರು.

ಅಷ್ಟೇ. ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಡಾಕ್ಟರು ಪಕ್ಕದಲ್ಲಿ ಬಂದು ಕೂತರೆ ಒಳ್ಳೆಯ ಸುದ್ದಿ ಅಲ್ಲ ಎಂದು ಆಗಲೇ ತಿಳಿಯಿತು. ಹೊಸ ಕವಾಟ ಚೆನ್ನಾಗಿಯೇ ಕೂತಿತ್ತಂತೆ. ಹೃದಯ ಮತ್ತೆ ಹೊಡೆದುಕೊಳ್ಳಲು ಒಪ್ಪಲಿಲ್ಲವಂತೆ. ಬಹಳ ಪ್ರಯತ್ನಪಟ್ಟೆವು ಎಂದಳು. ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಒಳ್ಳೆಯ ಹೆಂಗಸು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಯಾರ ಮೇಲೆ ಎಂದು ಗೊತ್ತಿಲ್ಲದೇ ಒಂದು ತಿಂಗಳು ಕಳೆದಿದೆ.

ಮನೆಯಲ್ಲಿ ಶಬ್ದವೇ ಇಲ್ಲ. ಟಿವಿಯ ವೈರು ಹಾಗೇ ನೇತಾಡುತ್ತಿದೆ, ಸಿಕ್ಕಿಸಲು ಕೈ ಬರುವುದಿಲ್ಲ. ಅಡುಗೆ ಮಾಡುವುದು ಮರೆಯುತ್ತೇನೆ, ನೆನಪಾದಾಗ ಇಬ್ಬರಿಗೆ ಮಾಡುತ್ತೇನೆ. ಇವರ ಶರ್ಟುಗಳನ್ನು ಬಿಚ್ಚಿ ಚಿಕ್ಕದು ಮಾಡಿ ಯಾರಿಗಾದರೂ ಕೊಡು ಎಂದು ಪಕ್ಕದ ಮನೆಯಾಕೆ ಸಲಹೆ ಕೊಟ್ಟಳು. ಒಂದು ಶರ್ಟಿನ ಹೊಲಿಗೆಗೆ ಬ್ಲೇಡ್ ಇಟ್ಟೆ, ಇಟ್ಟ ಬ್ಲೇಡನ್ನು ಹಾಗೇ ತೆಗೆದೆ. ಕೆಲಸ ಬರುತ್ತದೆ, ಮಾಡುತ್ತೇನೆ. ಬದುಕಿದ್ದೇನೆ ಎನ್ನುವುದಕ್ಕೆ ಅದೊಂದು ಸಾಕ್ಷಿ.

ಇನ್ನೊಂದು ಕೇಳು. ಗುಬ್ಬಿ ತಂಡ ಈಗ ಮೇಲೆ ಬರುತ್ತಿದೆಯಂತೆ. ತೂಕ ಸರಿ ಮಾಡಿಕೊಂಡು, ಕಾವು ತಡೆಯಲು ಏನೋ ಮಾಡಿಕೊಂಡು, ಕಳೆದ ವಾರ ಏಳನೆಯದಾಗಿ ಬಂತಂತೆ. ಹೊಸ ಎಂಜಿನ್ ಕೈ ಹಿಡಿಯಿತು ಎಂದು ಬೀದಿಯಲ್ಲೇ ಯಾರೋ ಮಾತಾಡಿಕೊಂಡು ಹೋದರು. ಕಿಟಕಿ ಹಾಕಿಕೊಂಡೆ. ಇವತ್ತೂ ರೇಸಿದೆ, ಕ್ಷೌರದವರು ಬಂದು, "ಅಕ್ಕಾ, ಸುಮ್ನೆ ಬಂದು ಕೂತ್ಕೊಳ್ಳಿ, ಕುರ್ಚಿ ಖಾಲಿ ಬಿಟ್ಟಿದೀವಿ," ಎಂದು ಕರೆದರು. ಆ ಗಾಡಿ ಗೆದ್ದರೂ ನನಗೆ ಸಹಿಸಲಾಗುವುದಿಲ್ಲ, ಸೋತರೂ ಸಹಿಸಲಾಗುವುದಿಲ್ಲ. ಬರುವುದಿಲ್ಲ ಎಂದೆ.

ನೀನು ಬಾ ಎಂದು ಬರೆದಿದ್ದೀ, ನಿನ್ನ ಮನೆಯಲ್ಲೇ ಇದ್ದುಬಿಡು ಎಂದೂ ಬರೆದಿದ್ದೀ. ಸದ್ಯಕ್ಕೆ ಬೇಡ ಪುಟ್ಟಿ. ಯಾರ ಎದುರೂ ಕೂತು ಊಟ ಮಾಡುವ ಶಕ್ತಿ ನನಗಿಲ್ಲ. ನಿನ್ನ ಕಾಲು ಪೂರ್ತಿ ವಾಸಿಯಾಗಲಿ. ಮಕ್ಕಳು ಮೊಮ್ಮಕ್ಕಳ ನಡುವೆ ನೂರು ವರ್ಷ ಬಾಳು. ನಿನ್ನ ಮನೆಯ ಗಂಡಸಿಗೆ ನೆಗಡಿಯಾದರೂ ಜಗಳವಾಡಬೇಡ, ಪಕ್ಕದಲ್ಲಿ ಕೂತುಕೋ.

ನಿನ್ನ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಇದನ್ನು ಹೇಳದೇ ಕಳಿಸಿದರೆ ನನಗೆ ಉಸಿರಾಡಲಾಗುವುದಿಲ್ಲ. ನಿನ್ನೆ ಗಡಿಯಾರದವರು ಬಂದಿದ್ದರು. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ನಿಂತೇ ಅತ್ತರು. ಇವರಿಗೆ ಎಲ್ಲ ಗೊತ್ತಿತ್ತಂತೆ ಪುಟ್ಟಿ. ಗಾಡಿಯ ಹೆಸರು ಹೊಡೆದದ್ದನ್ನು ಅದೇ ಭಾನುವಾರ ಸಂಜೆ ಇವರು ರೇಡಿಯೋದಲ್ಲಿ ಕೇಳಿದ್ದರಂತೆ, ನನಗಿಂತ ಮೊದಲೇ. ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಫೋನ್ ಮಾಡಬೇಡ ಎಂದು ನನಗೆ ಹೇಳಬೇಕೆಂದಿದ್ದರಂತೆ, ನಾನು ಆಗಲೇ ಮಾಡಿ ಮುಗಿಸಿದ್ದೆ. ಸೋಮವಾರ ಮಧ್ಯಾಹ್ನ ಇವರು ಗಡಿಯಾರದ ಅಂಗಡಿಗೆ ಹೋಗಿ ಹೇಳಿದ್ದು ಇಷ್ಟು: "ಅವಳಿಗೆ ಸುಳ್ಳು ಹೇಳೋಕೆ ಬರಲ್ಲ ಕಣೋ. ಮಿಷನ್ ಕೆಳಗೆ ರಾಶಿ ಪೇಪರ್ ಇಟ್ಕೊಂಡು, ಇವತ್ತಿನ ಆಟದ ಪುಟ ಕತ್ತರಿಸ್ತಾ ಕೂತಿದ್ಲು. ಕತ್ತರಿ ಗೆರೆ ಬಿಟ್ಟು ಓಡ್ತಿತ್ತು. ಇಷ್ಟು ಆಸೆ ಇಟ್ಕೊಂಡಿರೋಳಿಗೆ ಬೇಡ ಅಂತ ಹೇಗೋ ಹೇಳ್ಲಿ? ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡ. ಹೋಗಿ ಮಲಗಿಬಿಡ್ತೀನಿ."

ಕಟ್ಟಿದ ಪಂಥದಲ್ಲಿ ಗೆದ್ದವರು ಇವರೇ. ಮನೆಯಲ್ಲೇ ಇರುವ ಹಕ್ಕು ಇವರದಾಗಿತ್ತು. ಒಂದು ವರ್ಷವೋ ಮೂರು ವರ್ಷವೋ, ಮೆಲ್ಲಗೆ ಓಡಾಡಿಕೊಂಡು. ಅಷ್ಟನ್ನೂ ನನ್ನ ಮುಖ ನೋಡಿ ಬಿಟ್ಟುಕೊಟ್ಟರು. ಅದನ್ನಾದರೂ ಹೇಗೋ ಹೊತ್ತುಕೊಳ್ಳುತ್ತೇನೆ. ಆದರೆ ಆ ಬಾಗಿಲ ಹತ್ತಿರ ಗಾಡಿ ನಿಲ್ಲಿಸಿ, ಎಲ್ಲ ಗೊತ್ತಿದ್ದೂ, ಒಂಬತ್ತನೇದು ಅಲ್ವಾ ಎಂದು ಯಾಕೆ ಕೇಳಿದರು? ಅಲ್ಲ ರೀ, ಸುಳ್ಳು ಹೇಳಿದೆ, ಏಳಿ ಮನೆಗೆ ಹೋಗೋಣ ಎಂದು ನಾನು ಹೇಳಲಿ ಎಂದು ಕೇಳಿದರೇ, ಪುಟ್ಟಿ?